ಎದ್ದು ಮತ್ತೆ ಕುಳಿತವನು

ಮಂಗಳವಾರ ಬೆಳಿಗ್ಗೆ ಸಮುದ್ರ ಏನೂ ಆಗಿಲ್ಲವೆಂಬಂತೆ ಬಂದು ಹೋಗುತ್ತಿತ್ತು. ಲಕ್ಷ್ಮಪ್ಪ ಅದರ ಮೇಲೆ ಸಿಟ್ಟು ಬರಲೆಂದು ಕಾದ, ಬರಲಿಲ್ಲ. ಹೋಟೆಲಿನವರು ಮರಳಿನಲ್ಲಿ ಹೂಳಿ ನಿಲ್ಲಿಸಿದ ಎತ್ತರದ ಕಟ್ಟಿಗೆ ಖುರ್ಚಿ, ಅದರ ಕಾಲಿಗೆ ಹಗ್ಗದಿಂದ ಕಟ್ಟಿದ ಲಾರಿ ಟ್ಯೂಬು, ಎಡಕ್ಕೊಂದು ಬಲಕ್ಕೊಂದು ಕೆಂಪು ನಿಶಾನಿ, ಅವೆರಡರ ನಡುವೆ ಹೋಟೆಲಿನ ಗಿರಾಕಿಗಳು ಮೀಯಬೇಕಾದ ನೀರು. ಆ ನೀರನ್ನು ನೋಡುತ್ತ ಕೂಡುವುದಕ್ಕೆ ಅವನಿಗೆ ಸಂಬಳ. ಅವನ ಹಳದಿ ಬನಿಯನ್ನಿನ ಬೆನ್ನ ಮೇಲೆ ಇಂಗ್ಲಿಷಿನಲ್ಲಿ ಲೈಫ್‌ಗಾರ್ಡ್ ಎಂದು ಬರೆದಿತ್ತು. ಗೋವಾದ ಆ ಕಿನಾರೆಯಲ್ಲಿ ಮಣಿಸರ ಮಾರುವ ಲಂಬಾಣಿ ಹೆಂಗಸರು ಅವನನ್ನು ನೀರಿನ ವಾಚಮನ್ನ ಎನ್ನುತ್ತಿದ್ದರು. ಮೂರು ವರ್ಷ ನೋಡಿ ನೋಡಿ ಅವನಿಗೆ ನೀರು ಕಾಣುವುದೇ ನಿಂತುಹೋಗಿತ್ತು. ಕಾಣುತ್ತಿದ್ದದ್ದು ತಲೆಗಳು ಮಾತ್ರ. ತಲೆ ಎಣಿಸುವುದು ಉಸಿರಾಟದಂತೆ ತನಗೆ ತಿಳಿಯದೆ ನಡೆದುಕೊಂಡು ಹೋಗುವ ಕೆಲಸವಾಗಿತ್ತು. ಈ ಹೊತ್ತಿನಲ್ಲಿ ನೀರಿನಲ್ಲಿ ಯಾರೂ ಇರಲಿಲ್ಲ. ಆದರೂ ಮನಸ್ಸು ಒಂದು ಎಂದು ಎಣಿಸಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂದು.

ಖುರ್ಚಿಯ ನೆರಳಿನಲ್ಲಿ ದುರ್ಗಾಬಾಯಿ ಗಂಟು ಬಿಚ್ಚಿಕೊಂಡು ಕುಳಿತಿದ್ದಳು. ಗಿರಾಕಿಗಳು ಎದ್ದು ಬರುವ ಮೊದಲು ಅಲ್ಲಿ ಕೂತು ಕನ್ನಡಿಚೂರಿನ ಚೀಲಗಳನ್ನು ಹೊಂದಿಸಿಕೊಳ್ಳುವುದು ಅವಳ ರೂಢಿ. ಅವರು ಬಂದ ಮೇಲೆ ಇವನು ಸೀಟಿ ಊದಿ ಅವಳನ್ನು ಎಬ್ಬಿಸಬೇಕು, ಅವಳು ಇವನನ್ನು ಬೈಯುತ್ತ ಎದ್ದು ಹೋಗಬೇಕು. ಅದೂ ರೂಢಿ.

"ಲಕ್ಷ್ಮಣ್ಣಾ, ಒಂದು ಮಾತು ಕೇಳ್ಲೇನು?"

"ಬ್ಯಾಡ."

"ಕೇಳೂದು ನಾ ಕೇಳತೀನಿ, ಹೇಳೂದು ಬಿಡೂದು ನಿಂದು. ಐತವಾರ ಆ ಹುಡುಗ ನೀರಾಗ ಇದ್ದಾಗ ನೀ ಎದ್ದು ನಿಂತಿದ್ದಿ. ನಾ ನೋಡೀನಿ. ಎದ್ದಾಂವ ಮತ್ತ ಯಾಕ ಕುಂತಿ?"

ಲಕ್ಷ್ಮಪ್ಪ ಬಲಗಡೆಯ ನಿಶಾನಿಯ ಆಚೆ ನೋಡುತ್ತಿದ್ದ. "ಬೆನ್ನು ಹಿಡಕೊಂಡಿತ್ತು," ಎಂದ.

"ಹೌದ? ದಿನಾ ಖುರ್ಚಿ ಮ್ಯಾಲೆ ಕುಂತ ಬೆನ್ನು. ನಾ ಇಷ್ಟು ಗಂಟ ಹೊರತೀನಿ, ನನ್ನ ಬೆನ್ನ ಹಿಡ್ಯಾಂಗಿಲ್ಲ ನೋಡು." ನಗಲು ಹೋಗಿ ನಿಲ್ಲಿಸಿದಳು. "ಅಂಜಬ್ಯಾಡ ತಗೋ. ಪೊಲೀಸರು ಕೇಳಿದ್ರು. ಮಣಿ ಪೋಣಿಸಾಕತ್ತಿದ್ನಿರಿ ಸಾಹೇಬ, ಕಣ್ಣು ಕೆಳಗ ಇದ್ದೂವರಿ ಅಂತ ಹೇಳೀನಿ."

ಅವಳು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಅದು ಅವನಿಗೆ ಗೊತ್ತಾಯಿತು, ಗೊತ್ತಾದದ್ದರಿಂದ ಇನ್ನೂ ಕಸಿವಿಸಿಯಾಯಿತು. ಇನ್ನು ಮೇಲೆ ತಾನು ಇವಳಿಗೆ ಸೀಟಿ ಊದಲಾರೆ ಎಂಬ ಯೋಚನೆ ಮೊದಲು ಬಂತು. ಸತ್ತ ಹುಡುಗನ ಯೋಚನೆಗಿಂತ ಮೊದಲು ಅದು ಬಂದದ್ದು ಕಂಡು, ಮನುಷ್ಯನ ಒಳಗೆ ಎಂಥೆಂಥ ಹುಳಗಳು ಸರತಿಯಲ್ಲಿ ನಿಂತಿರುತ್ತವೆ ಎನ್ನಿಸಿತು. ಜನರನ್ನು ನೀರಿನಿಂದ ಎಳೆದು ತರುವಾಗಲೂ ಅವನು ಇಂಥದ್ದನ್ನು ಕಂಡಿದ್ದ. ಬದುಕಿದವರು ಯಾರೂ ಆಮೇಲೆ ಅವನ ಮುಖ ನೋಡುತ್ತಿರಲಿಲ್ಲ. ಮೂರು ವರ್ಷದಲ್ಲಿ ಹನ್ನೊಂದು ಮಂದಿ. ಮೊದಲ ದಿನ ಕೈ ಹಿಡಿದುಕೊಂಡು ಅಳುತ್ತಿದ್ದರು. ಮರುದಿನ ಖುರ್ಚಿಯನ್ನು ಬಳಸಿಕೊಂಡು ದೂರದಿಂದ ನೀರಿಗೆ ಹೋಗುತ್ತಿದ್ದರು. ಅವರು ಕೆಟ್ಟದಾಗಿ ಒದ್ದಾಡಿದ್ದನ್ನು ನೋಡಿದ ಕಣ್ಣು ಇವನದು, ಅದಕ್ಕೆ. ಒಮ್ಮೆ ಒಬ್ಬ ಹೆಂಗಸು, ಯಾವ ದೇಶದವಳೋ, ಉಪಾಹಾರದ ಮೇಜಿನ ಹತ್ತಿರ ಇವನು ಹಾದುಹೋದಾಗ ಗಂಡನಿಗೆ ಏನೋ ಹೇಳಿ ಜಾಗ ಬದಲಿಸಿ ಕೂತಿದ್ದಳು.

ತೆಂಗಿನ ಮರಗಳ ಸಾಲಿನಿಂದ ಕಾಸೀಮಸಾಬ ಕೈ ಬೀಸುತ್ತ ಬಂದ. ಗೇಟಿನ ಕಾವಲಿನವನು, ಹುಬ್ಬಳ್ಳಿ ಕಡೆಯವನು. ಅವನ ಇನ್ನೊಂದು ಕೈಯಲ್ಲಿ ಬಿಳಿ ಅಂಗಿಯಿತ್ತು.

"ಮ್ಯಾನೇಜರ್ ಕರ್ಯಾಕತ್ತಾನ. ಆ ಹುಡುಗನ ಅಪ್ಪ ಬಂದಾನ. ಕನ್ನಡ ಬಿಟ್ಟು ಏನೂ ಬರೂದಿಲ್ಲ ಆತಗ. ತಿಳಿಸಿ ಹೇಳಾಕ ಒಬ್ರು ಬೇಕಂತ."

"ನೀ ಇದ್ದೆಲ್ಲ?"

"ಮನ್ಯಾಗ ಉರ್ದು ಮಾತಾಡತೀವಿ, ನನಗ ಕನ್ನಡ ಅಷ್ಟಕ್ಕಷ್ಟ ರೀ ಅಂದೆ." ಕಾಸೀಮಸಾಬ ಅಂಗಿಯನ್ನು ಚಾಚಿದ. "ಸುಳ್ಳ ಹೇಳಿದೆ. ಏನ ಮಾಡ್ಲಿಪಾ, ನನಗೂ ಆ ವಯಸ್ಸಿನ ಮಗ ಅದಾನ. ಇದನ್ನ ಹಾಕ್ಕೊಂಡು ಬಾ ಅಂದಾನ. ಹಳದೀದು ಕಾಣಬಾರದಂತ."

ಅಂಗಿ ಹೆಗಲಿನಲ್ಲಿ ಬಿಗಿಯಾಗುತ್ತಿತ್ತು. ಗುಂಡಿ ಹಾಕಿಕೊಳ್ಳುತ್ತ ತೆಂಗಿನ ಮರಗಳ ನಡುವೆ ನಡೆಯುವಾಗ ಮೂರು ವಾರದ ಹಿಂದೆ ಇದೇ ದಾರಿಯಲ್ಲಿ ಹೀಗೇ ಯಾರದೋ ಅಂಗಿ ತೊಟ್ಟು ಹೋಗಿದ್ದು ನೆನಪಾಯಿತು. ಆಗ ಕೈಯಲ್ಲಿ ತಟ್ಟೆ, ತಟ್ಟೆಯ ಮೇಲೆ ಎಳನೀರು. ಅಂದು ಬೆಳಿಗ್ಗೆ ಮುಂಬಯಿಯ ಗಿರಾಕಿಯೊಬ್ಬ, ನೀರಿನಲ್ಲಿ ಹೊಟ್ಟೆ ಮೇಲಾಗಿ ಕಣ್ಣು ಮುಚ್ಚಿ ತೇಲುತ್ತಿದ್ದ. ಬೇಕೆಂದೇ ತೇಲುತ್ತಿದ್ದಾನೆಂದು ಇವನಿಗೆ ತಿಳಿಯಲಿಲ್ಲ. ಬಾಯಿ ತೆರೆದಿತ್ತು, ಅಲೆ ಬಾಯಿಯ ಮೇಲೆ ಹಾದುಹೋಗುತ್ತಿತ್ತು. ಇವನು ಈಜಿ ಹೋಗಿ ಹಿಂದಿನಿಂದ ಕೂದಲು ಹಿಡಿದು ಎಳೆದ. ಮುಳುಗುವವನ ಎದುರಿಗೆ ಹೋಗಬಾರದು, ಅಪ್ಪಿಕೊಂಡು ನಿನ್ನನ್ನೂ ಒಯ್ಯುತ್ತಾನೆ, ಕೂದಲಿಗೆ ಕೈ ಹಾಕು: ಕೃಷ್ಣೆಯಲ್ಲಿ ಹರಗೋಲು ಹಾಕುತ್ತಿದ್ದ ಅಪ್ಪ ಕಲಿಸಿದ್ದು. ಸೊಂಟದ ನೀರಿಗೆ ಬಂದೊಡನೆ ಆ ಗಿರಾಕಿ ಎದ್ದು ನಿಂತು ಇವನ ಎಡಗೆನ್ನೆಗೆ ಹೊಡೆದ. ಒದ್ದೆ ಕೈಯ ಏಟು ಒಣ ಕೈಯ ಏಟಿನ ಹಾಗಲ್ಲ, ಶಬ್ದ ಜಾಸ್ತಿ. ದಂಡೆಯಲ್ಲಿ ಅವನ ಹೆಂಡತಿ ಕ್ಯಾಮೆರಾ ಹಿಡಿದುಕೊಂಡು ನಗುತ್ತಿದ್ದಳು, ಲಂಬಾಣಿ ಹೆಂಗಸರು ಮಣಿ ಮಾರುವುದನ್ನು ಬಿಟ್ಟು ನೋಡುತ್ತಿದ್ದರು. ಆಮೇಲೆ ಎಳನೀರು ಹಿಡಿದು ಕ್ಷಮೆ ಕೇಳಲು ಹೋದಾಗ ಆ ಮನುಷ್ಯ ಪತ್ರಿಕೆಯಿಂದ ತಲೆ ಎತ್ತಿ, "ಯಾರು ನೀನು?" ಎಂದಿದ್ದ. ನಾಟಕವಲ್ಲ, ಖರೇನೇ ಗುರುತು ಸಿಕ್ಕಿರಲಿಲ್ಲ. ಹೊಡೆದವನಿಗೆ ತಾನು ಯಾರಿಗೆ ಹೊಡೆದೆ ಎಂಬುದೇ ನೆನಪಿರಲಿಲ್ಲ. ಅಂದು ಸಂಜೆ ಮ್ಯಾನೇಜರ್ ಹೊಸ ಕಾಯಿದೆ ಮಾಡಿದ: ನೀರಿನಲ್ಲಿರುವವನು ಕೈ ಎತ್ತಿ ಕರೆಯಬೇಕು. ಕೈ ಎತ್ತದೆ ಯಾರ ಮೈಯನ್ನೂ ಮುಟ್ಟಕೂಡದು. ಇವನು ಬಾಯಿ ತೆರೆದಿದ್ದ, ಮುಳುಗುವವರು ಕೈ ಎತ್ತುವುದಿಲ್ಲ ಸಾಹೇಬ್ರೆ, ಕರೆಯುವುದೂ ಇಲ್ಲ ಎನ್ನಲು. ಕೆನ್ನೆ ಇನ್ನೂ ಉರಿಯುತ್ತಿತ್ತು. ಬಾಯಿ ಮುಚ್ಚಿದ. ಆಗಲಿ, ಕೈ ಎತ್ತಲಿ ಎಂದುಕೊಂಡ.

ಅದೇ ಮಾತು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮತ್ತೆ ಬಾಯಿಗೆ ಬಂತು. ಹೋಟೆಲಿನ ಹೊಸ ಕಟ್ಟಡದಲ್ಲಿ ಕಲ್ಲು ಹೊರುವ ಮೂವರು ಹುಡುಗರು, ಸೂಟಿಯ ದಿನ, ಬಲಗಡೆಯ ನಿಶಾನಿಯ ಆಚೆ ನೀರಿಗಿಳಿದಿದ್ದರು. ಇಬ್ಬರು ಮೊಣಕಾಲಿನಷ್ಟು ನೀರಿನಲ್ಲಿ ಬೆನ್ನು ತಿರುಗಿಸಿ ಒಬ್ಬರಿಗೊಬ್ಬರು ನೀರು ಎರಚುತ್ತಿದ್ದರು. ಮೂರನೆಯ ತಲೆ ಮುಂದಿತ್ತು, ಮಳೆಗಾಲ ಕಳೆದರೂ ಅಲ್ಲಿ ಉಳಿದಿದ್ದ ಸೆಳವಿನ ಬಾಯಿಯಲ್ಲಿ. ಆ ತಲೆ ಹಿಂದಕ್ಕೆ ಬಾಗಿತ್ತು, ಮುಖ ಆಕಾಶಕ್ಕೆ, ಬಾಯಿ ನೀರಿನ ಮಟ್ಟಕ್ಕೆ. ಕೂದಲು ಕಣ್ಣಿನ ಮೇಲೆ ಬಿದ್ದಿತ್ತು, ಸರಿಸಿಕೊಳ್ಳುತ್ತಿರಲಿಲ್ಲ. ಹೆಗಲು ಮಾತ್ರ, ಕಾಣದ ಏಣಿಯೊಂದನ್ನು ಹತ್ತುತ್ತಿರುವವನ ಹೆಗಲಿನ ಹಾಗೆ, ಏರುತ್ತಿತ್ತು ಇಳಿಯುತ್ತಿತ್ತು. ಲಕ್ಷ್ಮಪ್ಪ ಎದ್ದು ನಿಂತ. ಒಂದು ಕಾಲನ್ನು ಖುರ್ಚಿಯ ಮೆಟ್ಟಿಲಿಗೆ ಇಳಿಸಿದ. ಆಗ ಎಡಗೆನ್ನೆ ಬಿಸಿಯಾಯಿತು. ಮೂರು ವಾರದ ಹಿಂದಿನ ಏಟು ಈಗಷ್ಟೇ ಬಿದ್ದ ಹಾಗೆ. ಕೈ ಎತ್ತಲಿ. ಕಾಲನ್ನು ಮತ್ತೆ ಮೇಲೆ ತೆಗೆದುಕೊಂಡು ಕುಳಿತ. ಹೆದರಿಕೆಯಿಂದ ಕುಳಿತೆ ಎಂದು ಈ ಎರಡು ದಿನ ತನಗೆ ತಾನೇ ಹೇಳಿಕೊಂಡಿದ್ದ, ಕೆಲಸ ಹೋಗುತ್ತದೆ, ಹೆಂಡತಿ ಹನುಮವ್ವ, ಝುವಾರಿನಗರದ ಆ ತಗಡಿನ ಮನೆ. ಹೆದರಿಕೆ ಆಗಿದ್ದರೆ ಹಾಗೆ ಕುಳಿತದ್ದಕ್ಕೆ ರುಚಿ ಇರುತ್ತಿರಲಿಲ್ಲ. ಅದಕ್ಕೆ ರುಚಿಯಿತ್ತು. ಒಮ್ಮೆ, ಒಂದೇ ಒಂದು ಸಲ, ನೀರಿನಲ್ಲಿರುವವನು ತನ್ನ ಕಡೆ ತಿರುಗಿ ಕೈ ಎತ್ತಿ ಬಾ ಎಂದು ಬೇಡಲಿ. ತಾನು ಆಗ ಇಳಿಯುತ್ತೇನೆ. ಅಲ್ಲಿಯವರೆಗೆ ತಾನು ಕುಳಿತಿರುತ್ತೇನೆ. ಆ ಖುರ್ಚಿಯ ಮೇಲೆ ಅವನು ಮೂರು ವರ್ಷದಲ್ಲಿ ಮೊದಲ ಸಲ ನಿಜವಾಗಿ ಕುಳಿತಿದ್ದ.

ಆಮೇಲೆ ತಲೆ ಇರಲಿಲ್ಲ.

ಓಡಿದ, ಈಜಿದ, ಮೂರು ಸಲ ಮುಳುಗಿ ಹುಡುಕಿದ. ಕೂದಲು ಹಿಡಿದು ತಂದ. ಟ್ಯೂಬಿನ ಮೇಲೆ ಕವುಚಿ ಹಾಕಿ ಒತ್ತಿದ, ಬಾಯಿಗೆ ಬಾಯಿಟ್ಟು ಊದಿದ, ತನ್ನ ಕಣ್ಣಿಗೆ ಕತ್ತಲೆ ಬರುವವರೆಗೆ. ಸುತ್ತ ನಿಂತವರು ಅಯ್ಯೋ ಪಾಪ ಎಷ್ಟು ಒದ್ದಾಡಿದ ಎಂದರು, ಹುಡುಗನಿಗಲ್ಲ, ಇವನಿಗೆ. ಮ್ಯಾನೇಜರ್ ಬೆನ್ನು ತಟ್ಟಿದ, ಅದೂ ಮೊದಲ ಸಲ. ಹನುಮವ್ವ ಮರುದಿನ ನಳದ ಮುಂದೆ ಕೊಡ ಇಟ್ಟುಕೊಂಡು ನಿಂತ ಹೆಂಗಸರಿಗೆ ಹೇಳುತ್ತಿದ್ದಳು, ನಮ್ಮನಿಯವರು ತಮ್ಮ ಜೀವದ ಹಂಗ ಬಿಟ್ಟು ಜಿಗದ್ರವ್ವಾ, ಬ್ಯಾರೇದವರಿಗೆ ಹೆಣಾನೂ ಸಿಗತಿದ್ದಿಲ್ಲ. ಅವನು ಬಾಗಿಲ ಹಿಂದೆ ಹಲ್ಲುಜ್ಜುತ್ತ ಕೇಳಿಸಿಕೊಂಡ. ಅಲ್ಲ ಎನ್ನಬೇಕೆಂದರೆ ಬಾಯಿ ತುಂಬ ನೊರೆ ಇತ್ತು.

ಮ್ಯಾನೇಜರ್ ಆಫೀಸಿನ ಬಾಗಿಲಲ್ಲೇ ನಿಂತಿದ್ದ. ಒಳಗಿನವರಿಗೆ ಕೇಳದಂತೆ ಹಿಂದಿಯಲ್ಲಿ ಹೇಳಿದ: "ಖುರ್ಚಿಯ ಮೇಲಿದ್ದವನು ನೀನೇ ಅಂತ ಹೇಳಬೇಡ. ದುಃಖದಲ್ಲಿದ್ದಾನೆ, ಕುತ್ತಿಗೆಗೆ ಕೈ ಹಾಕಿದರೆ ಕಷ್ಟ. ನಾನು ಹೇಳಿದ್ದನ್ನು ಅವನ ಮಾತಿನಲ್ಲಿ ಹೇಳು, ಅವನು ಹೇಳಿದ್ದನ್ನು ನನಗೆ ಹೇಳು. ಸಹಿ ಆದ ಕೂಡಲೆ ನಮ್ಮ ಟೆಂಪೊದಲ್ಲೇ ಮಡಗಾಂವಿನ ಆಸ್ಪತ್ರೆಯಿಂದ ಹೆಣ ಎತ್ತಿಕೊಂಡು ಊರಿಗೆ ಹೋಗಲಿ. ಪೊಲೀಸಿನದೆಲ್ಲ ಮುಗಿದಿದೆ."

ಒಳಗೆ ಬೆತ್ತದ ಖುರ್ಚಿಯ ಅಂಚಿನಲ್ಲಿ ಐವತ್ತರ ಆಚೀಚಿನ ಮನುಷ್ಯ ಕೂತಿದ್ದ. ಬಾಲಪ್ಪ. ತೊಡೆಯ ಮೇಲೆ ಟವೆಲು, ಟವೆಲಿನ ಮೇಲೆ ಎರಡು ಕೈ. ಲಕ್ಷ್ಮಪ್ಪ ನಮಸ್ಕಾರ ರೀ ಎಂದೊಡನೆ ಆ ಮುಖ ಬಿಚ್ಚಿಕೊಂಡಿತು, ಬಿಚ್ಚಿಕೊಂಡದ್ದನ್ನು ನೋಡಲಾಗಲಿಲ್ಲ.

"ನಮ್ಮ ಕಡಿಯವರ ಏನ್ರಿ? ಯಾವೂರು?"

"ಕೃಷ್ಣಾ ದಂಡಿ ರೀ. ಅಂಬಿಗರು."

"ಹಂಗಾರ ಸಮೀಪ ಆತು. ತಾರು ಬಂದಾಗಿಂದ ಒಬ್ಬರ ಕೂಡ ಮಾತಾಡಿಲ್ಲ ನೋಡ್ರಿ. ರೈಲಿನಾಗ ಕುಡಚಡೆ ಟೇಶನ್ ಬಂತು ಅಂದ್ರು, ಇಳದ ಬಿಟ್ನಿ. ನಮ್ಮ ಅಳಿಯ ಅಲ್ಲಿ ಅದಿರ ಲಾರಿ ಹೊಡೀತಾನ, ಗೋವಾ ಅಂದ್ರ ಅದ ಅಂತ ತಿಳದಿದ್ನಿ. ಅಲ್ಲಿಂದ ಕೇಳಕೋತ ಬಂದೆ." ಟವೆಲಿನಿಂದ ಮುಖ ಒರೆಸಿಕೊಂಡ. "ನೀವು ಸಿಕ್ಕಿದ್ದು ಚಲೋ ಆತು."

ಮ್ಯಾನೇಜರ್ ಇಂಗ್ಲಿಷಿನಲ್ಲಿ ಟೈಪು ಮಾಡಿದ ಕಾಗದವನ್ನು ಮುಂದಿಟ್ಟುಕೊಂಡು ಒಂದೊಂದೇ ಸಾಲನ್ನು ಹಿಂದಿಯಲ್ಲಿ ಹೇಳತೊಡಗಿದ. ಲಕ್ಷ್ಮಪ್ಪ ಅದನ್ನು ಕನ್ನಡ ಮಾಡಿದ. ಸಾವಿರದ ಒಂಬೈನೂರ ತೊಂಬತ್ತೊಂದನೇ ಇಸವಿ ಅಕ್ಟೋಬರದಾಗ, ಹೆಸರು ಮುದುಕಪ್ಪ, ವಯಸ್ಸು ಇಪ್ಪತ್ತೆರಡು. ಮ್ಯಾನೇಜರ್ ಆ ಹೆಸರಿನ ಅರ್ಥ ಕೇಳಿದ್ದನಂತೆ ಯಾರನ್ನೋ, ಅಷ್ಟು ಚಿಕ್ಕವನಿಗೆ ಅಂಥ ಹೆಸರೇಕೆ ಎಂದು ಈಗ ಕೇಳಿದ. "ನಮ್ಮಪ್ಪನ ಹೆಸರು ರೀ," ಎಂದ ಬಾಲಪ್ಪ. ನಿಶಾನಿಯ ಆಚೆ ಇಳಿದದ್ದು ಹೌದು. ಅಲ್ಲಿ ಇಳಿಯಬಾರದೆಂದು ಬೋರ್ಡು ಇದ್ದದ್ದು ಹೌದು. ಬೋರ್ಡು ಯಾವ ಭಾಷೆಯಲ್ಲಿದೆ ಎಂದು ಬಾಲಪ್ಪ ಕೇಳಲಿಲ್ಲ, ಲಕ್ಷ್ಮಪ್ಪ ಹೇಳಲಿಲ್ಲ.

"ಹುಡುಗನಿಗೆ ಈಜು ಬರುತ್ತಿತ್ತೇ ಕೇಳು."

"ಈಸಾಕ ಬರತಿತ್ತೇನ್ರಿ ಅವಗ?"

"ಬರತಿತ್ತರಿ. ನಾನ ಕಲಿಸೀನಿ." ಬಾಲಪ್ಪ ಮೊದಲ ಸಲ ಬೆನ್ನು ನೆಟ್ಟಗೆ ಮಾಡಿದ. "ಎಂಟು ವರ್ಷದಾಂವ ಇದ್ದ. ಬೆನ್ನಿಗೆ ಬೆಂಡು ಕಟ್ಟಿ ಹೊಲದ ಬಾವ್ಯಾಗ ಬಿಟ್ನಿ. ಬಿಟ್ಟ ಕೂಡಲೆ ಎರಡೂ ಕೈ ಮ್ಯಾಲೆ ಮಾಡಿ ಅಪ್ಪಾ ಅಪ್ಪಾ ಅಂತ ಒದರತಿದ್ದ. ಕೈ ಎತ್ತಿದಾಗೊಮ್ಮೆ ನಾ ಮ್ಯಾಲ ನಿಂತು ಜ್ವಾಳದ ದಂಟಿಲೆ ಕೈಗೆ ಬಾರಿಸ್ತಿದ್ನಿ. ಕೈ ನೀರಾಗ ಇಡಲೇ, ಎತ್ತಿದ್ರ ಮುಳಗತಿ, ಬಾಯಿ ಮುಚ್ಚಲೇ, ಒದರಿದ್ರ ನೀರು ಕುಡೀತಿ. ಎಂಟು ದಿನಕ್ಕ ಕಲತ. ಆಮ್ಯಾಲೆ ಒಮ್ಮೀನೂ ಕೈ ಎತ್ತಲಿಲ್ರಿ. ಹೇಳಿದ್ದು ಕೇಳತಿದ್ದ."

ಲಕ್ಷ್ಮಪ್ಪನ ಮೊಣಕೈಗಳು ನೋಯತೊಡಗಿದವು. ಅವನ ಅಪ್ಪ ಬಾರಿಸುತ್ತಿದ್ದದ್ದು ಹರಗೋಲಿನ ಹುಟ್ಟಿನ ತುದಿಯಿಂದ. ಮಾತು ಇವೇ, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ನಮ್ಮ ಕಡೆಯ ಯಾವ ಮಗುವೂ ಮುಳುಗುವಾಗ ಕೈ ಎತ್ತುವುದಿಲ್ಲ. ಭಾನುವಾರ ಆ ಹೆಗಲು ಏರಿಳಿಯುತ್ತಿದ್ದಾಗ ಎರಡು ಕೈಗಳೂ ಒಳಗೇ ಇದ್ದವು, ನೀರನ್ನು ಕೆಳಕ್ಕೆ ಒತ್ತುತ್ತ, ಹೇಳಿಕೊಟ್ಟ ಹಾಗೆ, ಹಟದಿಂದ. ಅದನ್ನು ನೋಡಿಯೇ ನಮ್ಮವನು ಎಂದು ತಿಳಿಯಬೇಕಿತ್ತು. ತಿಳಿದಿತ್ತು. ಎತ್ತಲಾರದವನು ಎತ್ತಲಿ ಎಂದೇ ತಾನು ಕೂತದ್ದು.

"ಏನಂತೆ?" ಮ್ಯಾನೇಜರ್ ಕೇಳಿದ.

"ಬರುತ್ತಿತ್ತಂತೆ."

"ಅಷ್ಟು ಹೊತ್ತು ಮಾತಾಡಿದನಲ್ಲ?"

"ಚೆನ್ನಾಗಿ ಬರುತ್ತಿತ್ತಂತೆ."

ಮ್ಯಾನೇಜರ್ ಮುಂದಿನ ಸಾಲಿಗೆ ಬೆರಳಿಟ್ಟ. ಮೃತನು ಕೈ ಎತ್ತಲಿಲ್ಲ, ಸಹಾಯಕ್ಕಾಗಿ ಕರೆಯಲಿಲ್ಲ. ಆದ್ದರಿಂದ ಅವನು ಅಪಾಯದಲ್ಲಿದ್ದದ್ದು ಯಾರಿಗೂ ತಿಳಿಯುವಂತಿರಲಿಲ್ಲ. ಇದರಲ್ಲಿ ಹೋಟೆಲಿನವರ ತಪ್ಪೇನೂ ಇಲ್ಲವೆಂದು ತಂದೆಯಾದ ನಾನು ಒಪ್ಪಿದ್ದೇನೆ. ಲಕ್ಷ್ಮಪ್ಪ ಕನ್ನಡದಲ್ಲಿ ಹೇಳಿದ. ಯಾರಿಗೂ ಎಂಬಲ್ಲಿ ನಾಲಿಗೆ ತಡೆಯಿತು, ಆದರೂ ಹೇಳಿದ.

ಬಾಲಪ್ಪ ಟವೆಲಿನ ಅಂಚನ್ನು ಮಡಚಿದ, ಬಿಚ್ಚಿದ.

"ಇವನ ಕೂಡ ಇದ್ದ ಹುಡುಗರು ಅಂದ್ರು, ನೋಡಾಕಂತನ ಒಬ್ಬಾಂವ ಇರತಾನಂತ. ಎತ್ತರದ ಖುರ್ಚಿ ಮ್ಯಾಲೆ. ಖರೇ ಏನ್ರಿ?"

"ಖರೇ ರೀ."

"ಅವರನ ಕೇಳ್ರಿ ಸ್ವಲ್ಪ. ಆ ಮನಶ್ಯಾ ಏನ ಮಾಡಾಕತ್ತಿದ್ದಂತ."

ಲಕ್ಷ್ಮಪ್ಪ ಮ್ಯಾನೇಜರನ ಕಡೆ ತಿರುಗಿ ಹಿಂದಿಯಲ್ಲಿ, ಖುರ್ಚಿಯ ಮೇಲಿದ್ದವನು ಏನು ಮಾಡುತ್ತಿದ್ದ ಎಂದು ಕೇಳುತ್ತಿದ್ದಾರೆ ಎಂದ. ತನ್ನ ದನಿ ಬೇರೆ ಯಾರದೋ ಬಗ್ಗೆ ಕೇಳುವಂತೆಯೇ ಸಮವಾಗಿ ಬಂದದ್ದು ಅವನಿಗೆ ಅಸಹ್ಯವಾಯಿತು. ಮ್ಯಾನೇಜರ್ ಅವನನ್ನು ಒಂದು ಗಳಿಗೆ ನೋಡಿ ಹೇಳಿದ: "ತಿಳಿದ ಕೂಡಲೆ ಜಿಗಿದ, ತನ್ನ ಜೀವ ಲೆಕ್ಕಿಸದೆ ಹೊರಗೆ ತಂದ ಅನ್ನು. ಸುಳ್ಳೇನಲ್ಲವಲ್ಲ?"

ಬಾಲಪ್ಪ ಇಬ್ಬರ ಬಾಯಿಯನ್ನೂ ಸರತಿಯಲ್ಲಿ ನೋಡುತ್ತಿದ್ದ. ಹೊರಗೆ ಟೆಂಪೊ ಶುರುವಾಗಿ ನಿಂತಿತು. ತಿಳಿದ ಕೂಡಲೆ ಜಿಗಿದ ಎಂಬುದನ್ನು ಕನ್ನಡದಲ್ಲಿ ಹೇಳಲು ಎರಡು ಗಳಿಗೆ ಸಾಕು. ಆಮೇಲೆ ಈ ಮನುಷ್ಯ ಹೋಗುತ್ತಾನೆ, ಊರಲ್ಲಿ ಹೆಂಡತಿಯ ಮುಂದೆ ಕೂತು, ನಮ್ಮ ಕಡಿಯವರೊಬ್ರು ಸಿಕ್ಕಿದ್ರು, ಭಾಳ ಚಲೋ ಮನಶ್ಯಾ ಎನ್ನುತ್ತಾನೆ.

"ಆ ಮನಶ್ಯಾ ನಾನ ರೀ," ಎಂದ ಲಕ್ಷ್ಮಪ್ಪ.

ಬಾಲಪ್ಪನಿಗೆ ಅರ್ಥವಾಗಲಿಲ್ಲ. "ಯಾರು?"

"ಖುರ್ಚಿ ಮ್ಯಾಲೆ ಇದ್ದಾಂವ. ನಾ ನೋಡಿದ್ನಿ ಅವನ್ನ. ಮುಳಗಾಕತ್ತಾನಂತ ಗೊತ್ತಾತು. ಎದ್ದೆ, ಮತ್ತ ಕುಂತೆ."

"ಗೊತ್ತಾಗಿ?"

"ಗೊತ್ತಾಗಿ ರೀ."

"ಎಷ್ಟೊತ್ತು?"

ಯಾರೂ ಕೇಳದಿದ್ದ ಪ್ರಶ್ನೆ ಅದು, ತಾನೂ ಕೇಳಿಕೊಂಡಿರಲಿಲ್ಲ. "ಒಂದು ಎಲಿ ಅಡಿಕಿ ಹಾಕ್ಕೊಳ್ಳೂವಷ್ಟು."

"ಏನು ನಡೆದಿದೆ?" ಎಂದ ಮ್ಯಾನೇಜರ್. ಬಾಲಪ್ಪ ಕುತ್ತಿಗೆಗೆ ಕೈ ಹಾಕುತ್ತಾನೆ ಎಂದು ಲಕ್ಷ್ಮಪ್ಪ ಕಾದ. ಹಾಕಲಿ ಎಂದು ಕಾದ. ಅಂಗಿಯ ಮೇಲಿನ ಗುಂಡಿ ಬಿಚ್ಚಿಯೇ ಇತ್ತು. ಬಾಲಪ್ಪ ಅವನ ಮುಖ ನೋಡಿದ, ಬಹಳ ಹೊತ್ತು, ಬಾವಿಯ ತಳದಲ್ಲಿ ಬಿದ್ದ ಕೊಡವನ್ನು ನೋಡುವ ಹಾಗೆ. ನೀರಿನಿಂದ ಬಂದವರು ಯಾರೂ ನೋಡದ ಆ ಮುಖವನ್ನು ನೋಡಿದವನು ಅವನೊಬ್ಬನೇ.

"ಇದನ್ನ ನನ್ನ ಮುಂದ ಯಾಕ ಹೇಳಿದ್ರಿ?" ದನಿ ಏರಲಿಲ್ಲ. "ನಾ ಕೇಳಿದ್ದು ಅವರನ್ನ. ಅವರೇನೋ ಒಂದು ಹೇಳತಿದ್ರು, ನಾ ಅದನ್ನ ಒಯ್ದು ಅವರವ್ವಗ ಹೇಳತಿದ್ನಿ. ಈಗ ಏನ ಹೇಳ್ಲಿ ಆಕಿಗೆ?"

"ತಪ್ಪಾತ್ರಿ. ನನ್ನ ಮನಸ್ಸಿನ್ಯಾಗ..."

"ನಿಮ್ಮ ಮನಸ್ಸಿನ್ಯಾಗಿಂದು ನೀವ ಇಟಗೋರಿ." ಬಾಲಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡ. "ನನಗ ಹೊರೂದು ಅಲ್ಲೆ ಆಸ್ಪತ್ರ್ಯಾಗ ಐತಿ. ಎರಡು ದಿನ ಆತು, ಇನ್ನ ತಡ್ಯಾಂಗಿಲ್ಲ ಅದು. ಇದಕ್ಕ ಸಹಿ ಮಾಡದಿದ್ರ ಗಾಡಿ ಕೊಡ್ತಾರೇನು ಇವರು?"

ಲಕ್ಷ್ಮಪ್ಪ ಮೇಜಿನ ಮೇಲಿನ ಕಾಗದ ನೋಡಿದ.

"ಕೊಡೂದಿಲ್ಲ. ಹಂಗಾರ ಎಲ್ಲಿ ಮಾಡ್ಲಿ ತೋರಸ್ರಿ."

"ಏನಂತೆ? ಒಪ್ಪುತ್ತಾನಂತಾ?"

"ಎಲ್ಲಿ ಸಹಿ ಮಾಡಲಿ ಎಂದು ಕೇಳುತ್ತಿದ್ದಾರೆ."

ಮ್ಯಾನೇಜರ್ ನಿಟ್ಟುಸಿರು ಬಿಟ್ಟು ಪೆನ್ನಿನ ಟೊಪ್ಪಿಗೆ ತೆಗೆದ. ಬಾಲಪ್ಪ ಎರಡನೇ ಇಯತ್ತೆ ಕಲಿತವರ ಅಕ್ಷರದಲ್ಲಿ, ಒತ್ತಿ ಒತ್ತಿ, ತನ್ನ ಹೆಸರು ಬರೆದ. ಬರೆದು ಮುಗಿಸಿ, ಮ್ಯಾನೇಜರನಿಗೆ ಕೈ ಮುಗಿದು, ಲಕ್ಷ್ಮಪ್ಪನ ಕಡೆ ತಿರುಗದೆ ಹೊರಗೆ ಹೋದ. ಟೆಂಪೊದ ಬಾಗಿಲು ಒಂದು ಸಲಕ್ಕೆ ಮುಚ್ಚಿಕೊಳ್ಳಲಿಲ್ಲ. ಎರಡನೆಯ ಸಲ ಜೋರಾಗಿ ಎಳೆದ ಸದ್ದು ಬಂತು.

ಇವನೂ ಹೊರಡಲು ತಿರುಗಿದಾಗ ಮ್ಯಾನೇಜರ್ ತಡೆದ. "ನಿನ್ನದೂ ಒಂದು ಬೇಕು. ಕೆಳಗೆ, ಇಲ್ಲಿ. ಮೇಲಿನದನ್ನೆಲ್ಲ ಅವನ ಭಾಷೆಯಲ್ಲಿ ತಿಳಿಸಿ ಹೇಳಿದ್ದೇನೆ, ಅವನು ತಿಳಿದುಕೊಂಡೇ ಸಹಿ ಮಾಡಿದ್ದಾನೆ ಅಂತ. ಹೇಳಿದೆ ತಾನೇ ಎಲ್ಲಾ?"

"ಹೇಳಿದೆ."

"ಏನೂ ಬಿಡಲಿಲ್ಲವಲ್ಲ?"

"ಇಲ್ಲ."

"ಅವನಿಗೆ ತಿಳಿಯಿತಾ?"

"ತಿಳಿಯಿತು," ಎಂದ ಲಕ್ಷ್ಮಪ್ಪ. ಅಂಗಿಯ ತೋಳು ಬಿಗಿದು ಕೈ ಪೂರ್ತಿ ಚಾಚಲಾಗುತ್ತಿರಲಿಲ್ಲ. ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡು ಸಹಿ ಮಾಡಿದ.